ಚಿಕ್ಕ ಮುಳ್ಳಿನ ಕೆಳಬಾಣ

“ಇದನ್ನ ವಾಪಸ್ ತೆಗೆಯೋದು ಹೇಗೆ?”

ಅಪ್ಪ ಕೇಳಿದ್ದು ಯಾರನ್ನೂ ಅಲ್ಲ. ಅಂಗಡಿಯಲ್ಲಿ ಆಗ ಗಿರಾಕಿಗಳಿರಲಿಲ್ಲ. ಗೋಡೆಯ ಮೇಲಿನ ಹದಿನಾಲ್ಕು ಗಡಿಯಾರಗಳು ಒಂದಾದ ಮೇಲೊಂದರಂತೆ ಹನ್ನೊಂದು ಹೊಡೆದು ಸುಮ್ಮನಾಗಿದ್ದವು. ಹಿಂಬದಿಯ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಮಗಳು, ಯಾವುದೋ ಹಳೆಯ ವಾಚಿನ ಮುಚ್ಚಳ ಬಿಡಿಸಲು ಬರುತ್ತಿಲ್ಲವೇನೋ ಅಂದುಕೊಂಡಳು. ಅಷ್ಟರಲ್ಲಿ ಅದೇ ಪ್ರಶ್ನೆ ಇನ್ನೊಮ್ಮೆ ಕೇಳಿಸಿತು, ಈ ಸಲ ತೀರ ಸಣ್ಣ ದನಿಯಲ್ಲಿ. ಬೆಳಗ್ಗೆ ದೇವರ ಮುಂದೆ ನಿಂತು ತಪ್ಪು ಒಪ್ಪಿಕೊಳ್ಳುವಾಗ ಅಪ್ಪನಿಗೆ ಬರುವ ದನಿ ಅದು. ಅವಳು ಎದ್ದು ಬಂದಳು.

ಮೇಜಿನ ಮೇಲೆ ಚಿಮಟಗಳು, ಸ್ಕ್ರೂಡ್ರೈವರುಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಎಲ್ಲ ಒರೆಸಿಟ್ಟ ಹಾಗೆಯೇ ಇದ್ದವು. ಅಪ್ಪ ಫೋನನ್ನು ಎಣ್ಣೆಬುಡ್ಡಿಗೆ ಆನಿಸಿ ನಿಲ್ಲಿಸಿದ್ದ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

“ಏನಾಯ್ತಪ್ಪಾ?”

“ಮೇಲಿನದ್ದು ಒತ್ತಬೇಕು ಅಂತಿದ್ದೆ. ಕೆಳಗಿನದ್ದರ ಮೇಲೆ ಬಿತ್ತು.”

ಅವಳು ಫೋನ್ ಎತ್ತಿ ನೋಡಿದಳು. ನೋಡಿದ ಮೇಲೆ ಗಿರಾಕಿಗಳ ಸ್ಟೂಲನ್ನು ಎಳೆದುಕೊಂಡು ಕೂತುಬಿಟ್ಟಳು.

ಗಡಿಯಾರ ರಿಪೇರಿಯವರೆಲ್ಲ ಸೇರಿ ಮಾತಾಡುವ ಒಂದು ಇಂಟರ್‌ನೆಟ್ ತಾಣ ಅದು. ಹೆಸರು ‘ಕಟ್ಟೆ’. ಆರು ವರ್ಷದ ಹಿಂದೆ ಅದನ್ನು ಮಾಡಿದವಳು ಇವಳೇ. ಗ್ರಂಥಾಲಯವೊಂದರ ಕಂಪ್ಯೂಟರ್ ಕೆಲಸ ಅವಳ ಹೊಟ್ಟೆಪಾಡು. ಕಟ್ಟೆ ಮನೆಯ ಕೆಲಸ. ಮಾಡಿದ್ದಕ್ಕೆ ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಪ್ಪನೂ ದೊಡ್ಡಪ್ಪನೂ ಮಾತು ಬಿಟ್ಟಿದ್ದರು. ಅಜ್ಜ ತೀರಿಕೊಂಡ ವಾರವೇ ಸಾಮಾನಿನ ವಿಷಯಕ್ಕೆ ಜಗಳವಾಗಿ, ಅಂಗಡಿಯೂ, ವಾಚಿನ ಸಣ್ಣ ಪಿನ್ನುಗಳನ್ನು ಕಡೆಯುವ ಅಜ್ಜನ ಕೈಲೇತೂ ದೊಡ್ಡಪ್ಪನ ಬಳಿ ಉಳಿದವು. ಅಪ್ಪ ಒಂದು ಚಿಮಟವನ್ನು ಜೇಬಿಗೆ ಹಾಕಿಕೊಂಡು ಈ ಊರಿಗೆ ಬಂದ. ಅದಾಗಿ ಹನ್ನೊಂದು ವರ್ಷ. ಫೋನಿನಲ್ಲೂ ಒಂದು ಮಾತಿಲ್ಲ. ಆದರೆ ಕಟ್ಟೆಯಲ್ಲಿ ಯಾರಾದರೂ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಸೊಟ್ಟಗಾಗಿದೆ ಎಂದು ಫೋಟೋ ಹಾಕಿದರೆ ಸಾಕು, ಇಬ್ಬರೂ ಓಡಿ ಬರುತ್ತಿದ್ದರು. “ಹಿರಿಯರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ” ಎಂದು ಅಪ್ಪ. “ಕಿರಿಯರ ಉಪಾಯ ಚೆನ್ನಾಗಿದೆ, ಆದರೆ ಅವಸರದ್ದು” ಎಂದು ದೊಡ್ಡಪ್ಪ. ಜನ ಇವರಿಗೆ ದೊಡ್ಡ ಮುಳ್ಳು, ಚಿಕ್ಕ ಮುಳ್ಳು ಎಂದು ಹೆಸರಿಟ್ಟಿದ್ದರು. ಅವರು ಅಣ್ಣತಮ್ಮಂದಿರು ಎಂಬುದು ಎಲ್ಲರಿಗೂ ಗೊತ್ತಿತ್ತು. ಅದನ್ನು ಆಡಿ ತೋರಿಸುವಷ್ಟು ಧೈರ್ಯ ಅಲ್ಲಿಯವರೆಗೆ ಯಾರಿಗೂ ಇರಲಿಲ್ಲ.

ಕಟ್ಟೆಯಲ್ಲಿ ಪ್ರತಿ ಮಾತಿನ ಕೆಳಗೂ ಎರಡು ಬಾಣ. ಒಪ್ಪಿಗೆಯಿದ್ದರೆ ಮೇಲಿನದ್ದು, ಇಲ್ಲದಿದ್ದರೆ ಕೆಳಗಿನದ್ದು. ಒತ್ತಿದವರ ಹೆಸರು ಪಕ್ಕದಲ್ಲೇ ಮೂಡುತ್ತದೆ, ಮತ್ತೆ ಅಳಿಸಲು ಬರುವುದಿಲ್ಲ. ಈ ನಿಯಮ ದೊಡ್ಡಪ್ಪನದು. ವಾಚನ್ನು ಬಿಚ್ಚಿ ಸರಿಮಾಡಿದವನು ಹಿಂಬದಿ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತನ್ನ ಗುರುತನ್ನೂ ತಿಂಗಳನ್ನೂ ಗೀರಿ ಮುಚ್ಚುತ್ತಾನೆ. ಮುಂದೆ ಐವತ್ತು ವರ್ಷ ಕಳೆದು ಯಾರು ಬಿಚ್ಚಿದರೂ ಇಂಥವನು ಕೈಯಾಡಿಸಿದ್ದ ಎಂದು ಗೊತ್ತಾಗಬೇಕು. “ಕಟ್ಟೆಯಲ್ಲೂ ಹಾಗೇ ಇರಲಿ. ಗೀರಿದ ಮೇಲೆ ಗೀರಿದ ಹಾಗೆ,” ಎಂದು ದೊಡ್ಡಪ್ಪ ಬರೆದಿದ್ದರು. ಅಪ್ಪ ಅದಕ್ಕೆ ಮೇಲಿನ ಬಾಣ ಒತ್ತಿದ್ದ.

ಆ ಬೆಳಗ್ಗೆ ದೊಡ್ಡಪ್ಪ ಬರೆದದ್ದು ಇಷ್ಟೇ: “ಈ ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತಿದ್ದೇನೆ. ಮಂಡಿ ಮೆಟ್ಟಿಲು ಹತ್ತಲು ಬಿಡುತ್ತಿಲ್ಲ. ನಮ್ಮ ತಂದೆಯವರ ಕೈಲೇತು ಚಿಕ್ಕ ಮುಳ್ಳಿಗೆ ಸೇರಬೇಕಾದದ್ದು. ಹನ್ನೊಂದು ವರ್ಷ ತಡವಾಯಿತು. ನಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತೇನೆ. ಒಪ್ಪಿಗೆಯಾದರೆ ಮೇಲೆ ಒತ್ತಲಿ.”

ಒಪ್ಪಿಗೆ ಕೇಳಿದ್ದು ಒಬ್ಬನನ್ನು. ಮೇಲೆ ಒತ್ತಿದವರು ಅರವತ್ತಮೂರು ಜನ. ಕೆಳಗಿನ ಬಾಣದ ಪಕ್ಕದಲ್ಲಿ ಒಂದೇ ಒಂದು ಹೆಸರು. ಚಿಕ್ಕ ಮುಳ್ಳು.

“ಅಳಿಸೋಕೆ ಬರುತ್ತಾ?” ಅಪ್ಪ ಕೇಳಿದ.

“ಬರಲ್ಲ ಅಪ್ಪ. ಹಾಗೇ ಮಾಡಿರೋದು ನಾನು. ಕೆಳಗಡೆ ಎರಡು ಮಾತು ಬರೆದುಬಿಡು. ತಪ್ಪಿ ಒತ್ತಿದೆ ಅಂತ.”

“ಹೇಗೆ ತಪ್ತು ಅಂತ ಕೇಳ್ತಾರಲ್ಲ?”

ಹೇಗೆ ತಪ್ಪಿತು ಎಂದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ, ಆ ಇಬ್ಬರೂ ಅಲ್ಲೇ ಕೂತಿದ್ದರು. ಹಿಂದಿನ ಚಳಿಗಾಲದಿಂದ ಅಪ್ಪನ ಬಲಗೈ ನಡುಗುತ್ತಿತ್ತು. ಪದ್ಯ ಹೇಳಿಕೊಳ್ಳುತ್ತ ಕೆಲಸ ಮಾಡುವುದನ್ನು ಅಜ್ಜ ಮಕ್ಕಳಿಬ್ಬರಿಗೂ ಕಲಿಸಿದ್ದ: ಸಾಲು ಮುಗಿದು ಉಸಿರು ನಿಲ್ಲುವ ಕಡೆ ಚಿಮಟ ಒಳಗಿಳಿಯಬೇಕು, ಮುಂದಿನ ಸಾಲು ಎತ್ತಿಕೊಳ್ಳುವಷ್ಟರಲ್ಲಿ ಹೊರಗೆ ಬರಬೇಕು. ಅಪ್ಪ ಈಗಲೂ ಸಾಲು ಬಿಡದೆ ಹೇಳಿಕೊಳ್ಳುತ್ತಿದ್ದ. ಉಸಿರು ನಿಂತರೂ ಕೈ ನಿಲ್ಲುತ್ತಿರಲಿಲ್ಲ. ಬ್ಯಾಟರಿ ಹಾಕುವುದು, ಪಟ್ಟಿ ಬದಲಿಸುವುದು, ಇಷ್ಟನ್ನೇ ಒಪ್ಪಿಕೊಂಡು, ಸೂಕ್ಷ್ಮದ ಕೆಲಸ ಬಂದರೆ “ಇದರ ಸಾಮಾನು ಈಗ ಬರ್ತಿಲ್ಲ ಸ್ವಾಮಿ” ಎಂದು ಹಿಂದಕ್ಕೆ ಕಳಿಸುತ್ತಿದ್ದ. ಹಾಗೆ ಹೇಳಿದ ದಿನ ರಾತ್ರಿ ಊಟ ಅರ್ಧಕ್ಕೇ ನಿಲ್ಲಿಸುತ್ತಿದ್ದ. ಯಾರಿಗೂ ಹೇಳುವುದಿಲ್ಲ ಎಂದು ಮಗಳಿಂದ ಮಾತು ತೆಗೆದುಕೊಂಡಿದ್ದ.

ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಗಲಗಲ ಅನ್ನತೊಡಗಿತು. “ಚಿಕ್ಕ ಮುಳ್ಳು ಹಿಂದಕ್ಕೆ ಓಡ್ತಿದೆ, ಯಾರಾದ್ರೂ ಕೀಲಿ ಕೊಡಿ,” ಎಂದು ಒಬ್ಬ. “ಅಣ್ಣ ತಲೆ ಬಗ್ಗಿಸಿದ್ರೂ ತಮ್ಮನ ಬಿಗುಮಾನ ನೋಡಿ,” ಎಂದು ಚರ್ಚಿನ ಗೋಪುರಗಡಿಯಾರ ನೋಡಿಕೊಳ್ಳುವ ಹೆಂಗಸು. ನಾಲ್ಕು ಗಂಟೆಗೆ ದೊಡ್ಡಪ್ಪ ಒಂದು ಪದ ಬರೆದರು: “ತಿಳಿಯಿತು.” ಐದಕ್ಕೆ ಇನ್ನೊಂದು ಸಾಲು. ತಿಂಗಳ ಕೊನೆಯೊಳಗೆ ಚಿಕ್ಕ ಮುಳ್ಳು ಬೇರೆ ಏನೂ ಹೇಳದಿದ್ದರೆ ಲೇತನ್ನು ಗಡಿಯಾರ ರಿಪೇರಿ ಕಲಿಸುವ ತರಬೇತಿ ಶಾಲೆಗೆ ಕೊಡುವುದಾಗಿ.

ಆ ಬಾಣವನ್ನು ಸದ್ದಿಲ್ಲದೆ ತೆಗೆದುಹಾಕುವುದು ಅವಳಿಗೆ ಕಷ್ಟವಿರಲಿಲ್ಲ. ಒಳಗಿನ ಬೀಗದ ಕೈಗಳೆಲ್ಲ ಅವಳ ಬಳಿಯೇ ಇದ್ದವು. ಬಾಯಿಬಿಟ್ಟು ಹೇಳಿದಳು ಕೂಡ.

“ಮುಟ್ಟಬೇಡ,” ಎಂದ ಅಪ್ಪ. “ಇನ್ನೊಬ್ಬರು ಗೀರಿದ್ದನ್ನ ಉಜ್ಜೋದು ನಮ್ಮ ಮನೇಲಿ ಯಾರೂ ಮಾಡಿಲ್ಲ.”

ನಿಯಮವನ್ನೇ ಬದಲಿಸಿದರೆ ಅದು ಉಜ್ಜಿದ ಹಾಗಾಗುವುದಿಲ್ಲವಲ್ಲ ಎಂದು ಅವಳಿಗೆ ಹೊಳೆಯಿತು. ಮರುದಿನ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ದೊಡ್ಡಪ್ಪನಿಗೆ ಫೋನ್ ಮಾಡಿದಳು.

“ಯಾರು?”

“ನಾನು, ದೊಡ್ಡಪ್ಪ. ಕಟ್ಟೆಯವಳು.”

“ಓಹೋ, ಯಜಮಾನ್ತಿ! ಏನೇ, ಕಟ್ಟೆ ಕುಸಿದು ಬಿತ್ತಾ? ಫೋನೇ ಮಾಡಿಬಿಟ್ಟಿದೀಯ.”

“ಕಟ್ಟೆ ಗಟ್ಟಿಯಾಗಿದೆ. ಒಂದು ನಿಯಮ ಬದಲಾಯಿಸ್ಬೇಕು, ನಿಮ್ಮನ್ನ ಕೇಳದೆ ಹೇಗೆ ಮಾಡ್ಲಿ ಅಂತ. ಒತ್ತಿದ ಬಾಣ ವಾಪಸ್ ತಗೊಳ್ಳೋ ಹಾಗೆ ಮಾಡ್ಬೇಕು.”

ಆ ಕಡೆ ಗಡಿಯಾರಗಳ ಸದ್ದು ಮಾತ್ರ ಕೇಳಿಸಿತು. ಇವರ ಅಂಗಡಿಗಿಂತ ಹೆಚ್ಚು ಗಡಿಯಾರಗಳಿದ್ದವು ಅಲ್ಲಿ.

“ಯಾರು ಕೇಳಿದ್ದು?”

“ಯಾರೂ ಅಂತಲ್ಲ. ಎಲ್ಲರಿಗೂ ಆಗುತ್ತೆ. ಫೋನೇ ಚಿಕ್ಕದು, ಬಾಣ ಅದಕ್ಕಿಂತ ಚಿಕ್ಕದು. ಒಂದು ಕಡೆ ಒತ್ತೋಕೆ ಹೋದ್ರೆ...”

“ಅಲ್ವೇ, ಸಾಸಿವೆಗಿಂತ ಸಣ್ಣ ಸ್ಕ್ರೂ ಹಿಡಿಯೋ ಜನ ನಾವು. ನಮ್ಮ ಬೆರಳಿಗೆ ನಿನ್ನ ಬಾಣ ಸಿಗಲ್ವಾ?” ದೊಡ್ಡಪ್ಪ ನಕ್ಕರು. ನಗು ಬೇಗ ನಿಂತಿತು. “ನಿಮ್ಮಪ್ಪ ನಿನ್ನ ಕೈಲಿ ಕೇಳಿಸ್ತಿದಾನಾ?”

ಎಲ್ಲ ಹೇಳಿಬಿಡಬಹುದಾಗಿದ್ದ ಗಳಿಗೆ ಅದು. ಅಪ್ಪನಿಗೆ ಕೊಟ್ಟ ಮಾತು ನೆನಪಾಯಿತು.

“ನಾನು ಫೋನ್ ಮಾಡಿದ್ದು ಅಪ್ಪನಿಗೆ ಗೊತ್ತಿಲ್ಲ.”

“ಹೂಂ.” ಅವರು ಕುರ್ಚಿ ಎಳೆದುಕೊಂಡ ಸದ್ದಾಯಿತು. “ನೋಡು, ತಪ್ಪು ಗೀರಿದ್ರೆ ನಾವು ಏನು ಮಾಡ್ತೀವಿ? ಉಜ್ಜಲ್ಲ. ಅದರ ಮೇಲೆ ಒಂದು ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದು ಗೀರ್ತೀವಿ. ಹಾಗೇ ಮಾಡು. ವಾಪಸ್ ತಗೊಳ್ಳೋರು ಯಾಕೆ ಅಂತ ಒಂದು ಸಾಲು ಬರೀಲಿ. ಕಾರಣ ಇಲ್ದೆ ಬೇಡ.” ಆಮೇಲೆ, ಕೇಳಿಸಿತೋ ಇಲ್ಲವೋ ಎಂಬಂತೆ, “ಬರೆಯೋರು ಇದ್ರೆ ಬರೀಲಿ. ತಿಂಗಳ ಕೊನೆವರೆಗೂ ನಾನು ಇಲ್ಲೇ ಇರ್ತೀನಿ.”

ಕೊನೆಯ ಮಾತು ತನಗೆ ಹೇಳಿದ್ದಲ್ಲ ಎಂದು ಅವಳಿಗೆ ಗೊತ್ತಾಯಿತು. ತಲುಪಿಸಬೇಕಾದವರಿಗೆ ಅದನ್ನು ಹೇಗೆ ತಲುಪಿಸಬೇಕೆಂಬುದು ಗೊತ್ತಾಗಲಿಲ್ಲ.

ನಾಲ್ಕು ಮಧ್ಯಾಹ್ನ ಕೂತು ಮಾಡಿ ಮುಗಿಸಿದಳು. ಬಾಣದ ಪಕ್ಕ ‘ವಾಪಸ್’ ಎಂಬ ಗುಂಡಿ. ಅದನ್ನು ಅವಳು ಬೇಕೆಂದೇ ಅಗಲವಾಗಿ ಮಾಡಿದಳು, ಹೆಬ್ಬೆರಳಷ್ಟು. ಒತ್ತಿದರೆ ಒಂದು ಖಾಲಿ ಸಾಲು ತೆರೆದುಕೊಂಡು ‘ಕಾರಣ?’ ಎಂದು ಕೇಳುತ್ತದೆ. ಬರೆದ ಮೇಲೆ ಹಳೆಯ ಬಾಣಕ್ಕೆ ಅಡ್ಡಗೆರೆ ಬೀಳುತ್ತದೆ.

ಕಟ್ಟೆಯವರಿಗೆ ಹಬ್ಬವಾಯಿತು. ಆರು ವರ್ಷದ ತಪ್ಪುಗಳನ್ನೆಲ್ಲ ಹುಡುಕಿ ಹುಡುಕಿ ವಾಪಸ್ ತೆಗೆದರು. “ಮೊಮ್ಮಗಳು ಒತ್ತಿದಳು.” “ಬಸ್ಸು ಗುಂಡಿಗೆ ಇಳಿಯಿತು.” “ಆಗ ನನಗೆ ಬುದ್ಧಿ ಕಡಿಮೆ ಇತ್ತು.” ಅದರ ಕೆಳಗೆ ಇನ್ನೊಬ್ಬ, “ಈಗ ಜಾಸ್ತಿ ಆಗಿದೆ ಅಂತ ಯಾರು ಹೇಳಿದ್ದು?” ಗೋಪುರಗಡಿಯಾರದ ಹೆಂಗಸು, “ಸಿಟ್ಟಿನಲ್ಲಿ ಒತ್ತಿದ್ದೆ, ಸಿಟ್ಟು ಯಾಕೆ ಬಂದಿತ್ತೋ ಮರೆತಿದೆ,” ಎಂದು ಬರೆದಳು. ಅಪ್ಪ ಇದನ್ನೆಲ್ಲ ಓದಿ ಎರಡು ಸಲ ನಕ್ಕ. ದೊಡ್ಡಪ್ಪನ ಮಾತಿದ್ದ ಪುಟವನ್ನು ಮಾತ್ರ ತೆರೆಯಲಿಲ್ಲ.

ತಿಂಗಳ ಕೊನೆಗೆ ಇನ್ನು ಎರಡು ದಿನ ಉಳಿದಾಗ, ಊಟದ ಹೊತ್ತಿಗೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಅವಳೇ ಆ ಪುಟ ತೆರೆದು ಫೋನನ್ನು ಮೇಜಿನ ಮೇಲಿಟ್ಟಳು.

“ಗುಂಡಿ ದೊಡ್ಡದಿದೆ ಅಪ್ಪ. ತಪ್ಪೋದಿಲ್ಲ.”

ಅಪ್ಪ ನೋಡಿದ. ಎಡಗೈಯ ಬೆರಳಿನಿಂದ ಗುಂಡಿಯನ್ನು ಒತ್ತಿದ. ಖಾಲಿ ಸಾಲು ತೆರೆದುಕೊಂಡಿತು. ಒಂದು ಅಕ್ಷರ ಬರೆದ, ಅಳಿಸಿದ. ಇನ್ನೊಂದು ಬರೆದ, ಅದನ್ನೂ ಅಳಿಸಿದ.

“ಬೆರಳು ಜಾರಿತು ಅಂತ ಬರಿ.”

“ವಾಚಿನವನ ಬೆರಳು ಜಾರಿತು ಅಂದ್ರೆ ಕಟ್ಟೆಯ ಮುನ್ನೂರು ಜನಕ್ಕೂ ಅರ್ಥ ಆಗುತ್ತಮ್ಮ. ಅಣ್ಣನಿಗೆ ಮೊದಲು ಆಗುತ್ತೆ.”

“ಹಾಗಾದ್ರೆ ಕನ್ನಡಕ ಹಾಕಿರಲಿಲ್ಲ ಅನ್ನು. ಅಷ್ಟು ಜನ ಬರೆದಿದಾರಲ್ಲ.”

“ಹಾಕಿದ್ದೆನಲ್ಲ.”

“ಅಯ್ಯೋ ಅಪ್ಪಾ, ಇಷ್ಟಕ್ಕೆಲ್ಲ ದೇವರು ಲೆಕ್ಕ ಇಡ್ತಾನಾ?”

“ಅಣ್ಣನಿಗೆ ಸುಳ್ಳು ಹೇಳಿ ಅಪ್ಪನ ಲೇತು ತಗೊಂಡ್ರೆ ದೇವರು ಇಡದಿದ್ರೂ ನಾನು ಇಡ್ತೀನಿ.”

ಖಾಲಿ ಸಾಲು ಹಾಗೇ ತೆರೆದುಕೊಂಡಿತ್ತು. ಅವಳು ಸ್ಟೂಲನ್ನು ಹತ್ತಿರ ಎಳೆದುಕೊಂಡಳು.

“ಕಟ್ಟೆಯಲ್ಲಿ ಯಾರು ಯಾವ ಪುಟ ನೋಡ್ತಾರೆ ಅಂತ ನನಗೆ ಕಾಣುತ್ತೆ. ನೋಡಬಾರದು, ನೋಡಿದೆ. ದೊಡ್ಡಪ್ಪ ದಿನಕ್ಕೆ ಏಳೆಂಟು ಸಲ ಇದೇ ಪುಟ ತೆಗೀತಾರೆ ಅಪ್ಪ. ಬೆಳಗ್ಗೆ ಆರಕ್ಕೆ ಶುರು. ಬೇರೆ ಏನೂ ಓದಲ್ಲ, ಇದನ್ನ ತೆಗೆದು ಮುಚ್ತಾರೆ. ನಿನ್ನ ಒಂದು ಸಾಲಿಗೆ ಕಾಯ್ತಿದಾರೆ.”

ಅಪ್ಪನ ಮುಖ ಒಂದು ಕ್ಷಣ ಮಗುವಿನದ್ದಾಯಿತು. ಆಮೇಲೆ ಅವನು ಬಲಗೈಯನ್ನು ಎತ್ತಿ ಮೇಜಿನ ಬೆಳಕಿನ ಕೆಳಗೆ ಹಿಡಿದ. ಅದು ಅಲ್ಲೂ ನಿಲ್ಲಲಿಲ್ಲ. ಇಬ್ಬರೂ ಅದನ್ನೇ ನೋಡಿದರು.

“ಲೇತು ಬಂತು ಅಂತಿಟ್ಕೋ,” ಎಂದ. “ಹೊತ್ಕೊಂಡು ಅವನೇ ಬರ್ತಾನೆ. ಇಲ್ಲಿ ಇಡ್ತಾನೆ. ಇಟ್ಟು, ಎಲ್ಲಿ ಒಂದು ಪಿನ್ ಕಡೆದು ತೋರಿಸೋ ಅಂತಾನೆ. ಅನ್ನದೇ ಇರ್ತಾನಾ? ಅಪ್ಪನೂ ಹಾಗೇ ಅಂತಿದ್ದ. ಹನ್ನೊಂದು ವರ್ಷದಿಂದ ನನ್ನ ಮೇಲೆ ಅವನಿಗೆ ಸಿಟ್ಟಿದೆ. ಯಾಕೆ ಗೊತ್ತಾ? ಸಾಮಾನಿಗಲ್ಲ. ಅಪ್ಪ ಸಾಯೋ ಮುಂಚೆ, ಕೈ ಅಂದ್ರೆ ಚಿಕ್ಕವನದ್ದು ಅಂದಿದ್ದ, ಅದಕ್ಕೆ. ಅವನ ಮನಸಲ್ಲಿ ಆ ಕೈ ಇನ್ನೂ ಹಾಗೇ ಇದೆ. ಬಿಗುಮಾನದವನು ಅಂತ ಬೈಕೊಳ್ಳಲಿ. ಬೈಯೋವಾಗ್ಲೂ ಅದೇ ಕೈಗೆ ಬೈತಾನೆ.”

“ಅಣ್ಣ ಅಲ್ವಾ ಅಪ್ಪ ಅವರು? ನೋಡ್ಲಿ ಬಿಡು. ಅಯ್ಯೋ ಅಂದ್ರೆ ಅನ್ಲಿ ಬಿಡು. ಮಂಡಿ ನೋವು ಅಂತ ಅವರು ಎಲ್ಲರೆದುರಿಗೂ ಬರೀಲಿಲ್ವಾ?”

“ಮಂಡಿಯಿಂದ ವಾಚು ರಿಪೇರಿ ಮಾಡಲ್ಲ ಕಣೇ.”

ಅವಳಿಗೆ ನಗು ಬಂದು ಅದು ಅಳುವಾಯಿತು. ಕಣ್ಣೊರೆಸಿಕೊಂಡು ಅವನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. ಒಳಗೆ ಅದು ನಡುಗುತ್ತಲೇ ಇತ್ತು.

“ನನಗೋಸ್ಕರ ಮಾಡು. ನಾನು ಹೀಗೇ ಹಿಡ್ಕೊಂಡಿರ್ತೀನಿ. ಇದ್ದದ್ದು ಇದ್ದ ಹಾಗೆ ಬರಿ, ಕೈ ನಡುಗಿತು ಅಂತ. ಎರಡೇ ಪದ. ಸುಳ್ಳಲ್ಲ, ಏನಲ್ಲ. ಬರೆದು ಒತ್ತಿಬಿಡು ಅಪ್ಪ. ನಾಡಿದ್ದು ಲೇತು ಶಾಲೆಗೆ ಹೋಗುತ್ತೆ. ಅವರೂ ಇನ್ನು ಈ ಪುಟ ತೆಗಿಯಲ್ಲ.”

ಅಪ್ಪ ಅವಳ ಕೈಗಳ ನಡುವಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ. ತೆರೆದಿದ್ದ ಖಾಲಿ ಸಾಲನ್ನು ಎಡಗೈಯಿಂದ ಮುಚ್ಚಿ, ಫೋನನ್ನು ಅವಳ ಕಡೆಗೆ ತಳ್ಳಿದ.

“ಇಲ್ಲಮ್ಮ,” ಎಂದ. “ನಾನು ಒತ್ತೋದಿಲ್ಲ.”