ನಾಲ್ಕನೆಯ ಮೆಟ್ಟಿಲು

ಕಾಗದದಕ್ಕ ಕಣ್ಣಾರೆ ಕಾಣದ ಒಂದು ಮಾತನ್ನೂ ಬರೆದವರಲ್ಲ. ವಿಶ್ವವಿದ್ಯಾಲಯದ ದೇಣಿಗೆ ವಿಭಾಗದಲ್ಲಿ, ಹಣ ಕಳಿಸಿದವರಿಗೆಲ್ಲ ಕೃತಜ್ಞತಾಪತ್ರ ಬರೆಯುವುದು ಅವರ ಕೆಲಸ. ಆ ಕೆಲಸವೇ ಹೆಸರಾಗಿ ಅಂಟಿಕೊಂಡಿತ್ತು. ಬೇಸಿಗೆಯಲ್ಲೂ ಬಿಡದ ಕಂದು ಸ್ವೆಟರು, ಅದರ ಬಲಜೇಬಿನಲ್ಲಿ ಯಾವ ಒಗೆತಕ್ಕೂ ಜಗ್ಗದ ಶಾಯಿಕಲೆ, ಎಡಗಾಲನ್ನು ತುಸು ಎಳೆಯುತ್ತ ಗೋಡೆಯ ಪಕ್ಕದಲ್ಲೇ ಸಾಗುವ ನಡಿಗೆ, ಏನು ಕೇಳಿದರೂ ಮೊದಲು ಹೊರಡುತ್ತಿದ್ದ "ನೋಡಿ ಬರ್ತೀನಿ" ಎಂಬ ಉತ್ತರ: ಎದುರು ಮೇಜಿನಲ್ಲಿ ಹನ್ನೆರಡು ವರ್ಷ ಕುಳಿತ ನನಗೆ ಅಕ್ಕ ಎಂದರೆ ಇವೇ ಕಣ್ಣಿಗೆ ಕಟ್ಟುತ್ತವೆ.

ನಾನು ಸೇರುವುದಕ್ಕೆ ಬಹಳ ಮೊದಲು ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಮೊದಲ ಸಂಬಳದಿಂದ ಎರಡು ಊಟದ ಬೆಲೆಯಷ್ಟು ಹಣ ಕಳಿಸಿದ್ದರಂತೆ. ಬಾಡಿಗೆಯ ಕೋಣೆಯಲ್ಲಿ ದೀಪವಿರಲಿಲ್ಲ, ಗ್ರಂಥಾಲಯದ ಹಿಂಬದಿಯ ನಾಲ್ಕನೆಯ ಮೆಟ್ಟಿಲಿನ ಮೇಲೆ ಕುಳಿತು ಓದುತ್ತಿದ್ದೆ, ಕಾವಲುಗಾರ ಒಂದು ದಿನವೂ ಎಬ್ಬಿಸಲಿಲ್ಲ, ಅದಕ್ಕಾಗಿ ಇದು ಎಂದು ಜೊತೆಗೊಂದು ಚೀಟಿ. ಇಷ್ಟಕ್ಕೆ ಅಂಚೆ ಖರ್ಚೂ ದಂಡ ಎಂದು ಆಗಿನ ಮುಖ್ಯಸ್ಥರು ಮೂಗು ಮುರಿದರು. ಅಕ್ಕ ಎದ್ದು ಹೋಗಿ, ಮೆಟ್ಟಿಲು ಎಣಿಸಿ ನೋಡಿ ಬಂದು, ಪತ್ರದ ಕೊನೆಗೆ "ನೀವು ಕೂರುತ್ತಿದ್ದ ಮೆಟ್ಟಿಲು ಹಾಗೇ ಇದೆ. ಇಂದು ಅದರ ಮೇಲೆ ಬೆಕ್ಕೊಂದು ಮಲಗಿತ್ತು" ಎಂದು ಸೇರಿಸಿದರು.

ಮರುವರ್ಷ ಹಣ ತುಸು ಹೆಚ್ಚು ಬಂತು. ಅಕ್ಕ ಮತ್ತೆ ಹೋಗಿ ನೋಡಿದರು, ಮತ್ತೆ ಬರೆದರು. ಹೀಗೆ ಆ ಹಣ ಬೆಳೆದು ಒಬ್ಬ ಬಡ ವಿದ್ಯಾರ್ಥಿಯ ಶುಲ್ಕವಾಗಿ, ಹತ್ತು ಮಂದಿಯದಾಗಿ, ಮುಂದೆ ಒಂದು ಪ್ರಯೋಗಾಲಯವಾಗಿ, ಇಪ್ಪತ್ತೊಂಬತ್ತನೆಯ ವರ್ಷ ಇಡೀ ಹೊಸ ಗ್ರಂಥಾಲಯವನ್ನೇ ಕಟ್ಟಿಸಿಕೊಡುವ ಮಾತು ಬಂತು. ಹೊಸ ಮುಖ್ಯಸ್ಥರು ಸಭೆ ಸಭೆಯಲ್ಲೂ ಹನಿಗೂಡಿದರೆ ಹಳ್ಳ ಎಂದು ಭಾಷಣ ಬಿಗಿದರು. ಮೊದಲ ಹನಿಗೆ ಕೊಡೆ ಹಿಡಿದದ್ದೂ ತಾವೀಗ ಕೂತಿರುವ ಕುರ್ಚಿಯೇ ಎಂಬುದು ಅವರಿಗೆ ತಿಳಿದಿರಲಿಲ್ಲ.

ಅರ್ಧ ಹಣ ಬಂದೊಡನೆ ಹಳೆಯ ಕಟ್ಟಡ ಒಡೆಯತೊಡಗಿದರು. ಅದು ಅಕ್ಕ ನಿವೃತ್ತರಾಗುವ ತಿಂಗಳು. ಆ ವರ್ಷದ ಪತ್ರ ಬಾಕಿಯಿತ್ತು. ಎಂದಿನಂತೆ ನೋಡಿ ಬರಲು ಹೋದವರು ಸ್ವೆಟರಿನ ತುಂಬ ಧೂಳು ಹೊತ್ತು ಮರಳಿ, ಬಿಳಿ ಹಾಳೆಯ ಮುಂದೆ ಮಧ್ಯಾಹ್ನವಿಡೀ ಕುಳಿತರು. ಮೆಟ್ಟಿಲಿನ ಸಾಲು ಬಿಟ್ಟುಬಿಡಿ, ದೊಡ್ಡವರ ಮನಸ್ಸು ಕೆಟ್ಟರೆ ಉಳಿದ ಹಣಕ್ಕೆ ಸಂಚಕಾರ ಎಂದು ಮುಖ್ಯಸ್ಥರು ಹೇಳಿ ಕಳಿಸಿದರು. ನಾನೂ ಹಾಗೆಯೇ ಅಂದೆ.

"ಮೂವತ್ತು ವರ್ಷ ಅವರು ನನ್ನ ಕಣ್ಣಲ್ಲಿ ಅದನ್ನ ನೋಡಿದಾರಪ್ಪ," ಎಂದರು ಅಕ್ಕ. "ಕೊನೇ ಸಲ ಕಣ್ಣು ಮುಚ್ಚಿಕೊಳ್ಳಲಾ?"

ಬರೆದದ್ದು ಇಷ್ಟೇ: "ನಿಮ್ಮ ಮೆಟ್ಟಿಲನ್ನು ಇಂದು ಬೆಳಿಗ್ಗೆ ಒಡೆದರು. ಮುಗಿಯುವವರೆಗೆ ನಾನು ಹತ್ತಿರವೇ ನಿಂತಿದ್ದೆ."

ಉತ್ತರ ಬರುವ ಹೊತ್ತಿಗೆ ಅಕ್ಕ ಮನೆ ಸೇರಿದ್ದರು. ಕಾಲು ಪೂರ್ತಿ ಸೋತಿತ್ತು. ನಾನೇ ಒಯ್ದು ಓದಿ ಹೇಳಿದೆ. ವರ್ಷಕ್ಕೊಮ್ಮೆ ನನ್ನ ಸಲುವಾಗಿ ಯಾರೋ ಅಲ್ಲಿಯವರೆಗೆ ನಡೆದು ಹೋಗುತ್ತಾರೆಂಬ ಆಸೆಗೇ ಹಣ ಕಳಿಸುತ್ತಿದ್ದೆ, ಉಳಿದದ್ದನ್ನೂ ಕಳಿಸಿದ್ದೇನೆ, ಇನ್ನು ಮುಂದೆ ಏನನ್ನು ನೋಡಿ ಬರೆಯುತ್ತೀರಿ ಎಂದಿತ್ತು. ಅಕ್ಕ ಬಹಳ ಹೊತ್ತು ತಮ್ಮ ಪಾದಗಳನ್ನೇ ನೋಡುತ್ತಿದ್ದರು.

"ಒಂದ್ಸಲ ಅವರ ಮುಖ ನೋಡಬೇಕಿತ್ತು," ಎಂದರು.

ಕಟ್ಟಡ ಏಳಲು ಎರಡು ವರ್ಷ ಹಿಡಿಯಿತು. ಅಕ್ಕ ಅಷ್ಟು ದಿನ ಇರಲಿಲ್ಲ. ಉದ್ಘಾಟನೆಗೆ ಬಂದ ಆ ಹಿರಿಯ ದಾನಿಗಳು ಹಾರ ತೆಗೆದಿಟ್ಟು ಮೊದಲು ಕೇಳಿದ್ದೇ ಪತ್ರ ಬರೆಯುವವರು ಎಲ್ಲಿ ಎಂದು. ವಿಷಯ ತಿಳಿಸಿದೆ. ಹಾಗಾದರೆ ಅವರು ಕೂರುತ್ತಿದ್ದ ಜಾಗ ತೋರಿಸಿ ಎಂದರು. ನಮ್ಮ ಕೋಣೆಗೆ ಕರೆದೊಯ್ದೆ. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತ ಅವರು, ಕೂರಿ ಎಂದರೂ ಕೂರಲಿಲ್ಲ.

ಕೊಟ್ಟವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಕೊಟ್ಟದ್ದು ಎಷ್ಟೇ ಸಣ್ಣದಿರಲಿ, ಅದರ ಹಿಂದಿನ ಮನುಷ್ಯನಿಗಾಗಿ ಎದ್ದು ನಡೆಯುವವರು ಮಾತ್ರ ತಮ್ಮ ಪಾಡಿಗೆ ಬಂದು ತಮ್ಮ ಪಾಡಿಗೆ ಹೋಗಿಬಿಡುತ್ತಾರೆ, ಮುಖವನ್ನೇ ಕಾಣದವರಲ್ಲೂ ಹಂಬಲ ಉಳಿಸಿ. ಆ ಹಿರಿಯರಿಗೆ ಈಗ ವರ್ಷಕ್ಕೊಮ್ಮೆ ನಾನು ಬರೆಯುತ್ತೇನೆ: ಅಕ್ಕ ಕೂರುತ್ತಿದ್ದ ಕುರ್ಚಿ ಹಾಗೇ ಇದೆ. ಎದುರಿಗೇ ಇದ್ದರೂ, ಒಮ್ಮೆ ಎದ್ದು ಹೋಗಿ ನೋಡಿ ಬಂದೇ ಬರೆಯುತ್ತೇನೆ.