ತಲೆಯಾಡಿಸಿದವರೆಲ್ಲ ತೃಪ್ತರು

ಒಂದು ಊರಿನಲ್ಲಿ ಕರಡಿಯೊಂದು ಆಲೆಮನೆ ನಡೆಸುತ್ತಿತ್ತು. ಕಬ್ಬಿನ ಗಾಣ ತಿರುಗಿಸಲು ಒಂದು ಕೋಣ, ಬಾಗಿಲ ಬಳಿ ಒಂದು ಮುದಿ ಮೇಕೆ. ಆಳುಗಳೆಂದರೆ ಇಷ್ಟೇ. ಆಲೆಮನೆಯ ಬಾಗಿಲು ಗಿಡ್ಡ. ಮೊಲವೊಂದನ್ನು ಬಿಟ್ಟರೆ ಊರಿನ ಗಿರಾಕಿಗಳೆಲ್ಲ ತಲೆ ಬಗ್ಗಿಸಿಯೇ ಬರಬೇಕು, ತಲೆ ಬಗ್ಗಿಸಿಯೇ ಹೋಗಬೇಕು.

ಮೇಕೆ ಮಧ್ಯಾಹ್ನ ಕೋಣದ ಹೆಗಲು ನೋಡುತ್ತಿತ್ತು. ಕೆಂಪಾಗಿದ್ದರೆ ನೊಗದ ಹಿಂದಿನ ಗೂಟ ಕಿತ್ತು ಬಿಡಿಸಿ, ಹರಳೆಣ್ಣೆ ಹಚ್ಚುತ್ತಿತ್ತು. ಆ ಗೂಟ ನೊಗ ಹೊತ್ತವರಿಗೆ ಎಟುಕುವಂಥದ್ದಲ್ಲ. ಮಿಕ್ಕ ಹೊತ್ತಿನಲ್ಲಿ ಗಿರಾಕಿಗಳ ಮಾತು ಕೇಳಿ ಯಜಮಾನನ ಕಿವಿಗೆ ಹಾಕುತ್ತಿತ್ತು.

"ಬೆಲ್ಲ ಸೀದಿದೆಯಂತೆ."

"ಯಾರಂದರು?"

"ತಿಂದವರು."

ಕರಡಿಗೆ ಈ ಮೇಕೆ ಹಿಡಿಸಲಿಲ್ಲ.

ಅಷ್ಟರಲ್ಲಿ ಒಂದು ಕೊಕ್ಕರೆ ಬಂತು. ಬಟ್ಟೆಯಲ್ಲಿ ಸುತ್ತಿದ ಬೊಂಬೆಯೊಂದನ್ನು ಬಿಚ್ಚಿ ನಿಲ್ಲಿಸಿತು.

"ಯಜಮಾನರೇ, ಇದು ತಾನೇ ಕಲಿತ ಬೊಂಬೆ. ಆಳುಗಳ ಸುಖದುಃಖವನ್ನೂ ಗಿರಾಕಿಗಳ ಸುಖದುಃಖವನ್ನೂ ಇದೇ ವಿಚಾರಿಸಿಕೊಳ್ಳುತ್ತದೆ. ಇದಕ್ಕೆ ನಿದ್ದೆಯಿಲ್ಲ, ಮೇವಿಲ್ಲ."

"ಕಲಿತದ್ದೆಲ್ಲಿ?"

"ಅರಮನೆಯ ಓಲಗದಲ್ಲಿ. ಇದು ಏಳು ವರ್ಷ ಮೂಲೆಯಲ್ಲಿ ನಿಂತು ನೋಡಿದೆ. ಅಲ್ಲಿ ಸಂತೋಷವಾದವರೆಲ್ಲ ತಲೆ ಬಗ್ಗಿಸುತ್ತಿದ್ದರು."

"ಸಂತೋಷವಾಗದವರು?"

"ಅಂಥವರನ್ನು ಒಳಗೆ ಬಿಡುತ್ತಿರಲಿಲ್ಲ."

ಕರಡಿಗೆ ಒಪ್ಪಿಗೆಯಾಯಿತು. ಕೊಕ್ಕರೆ ಬೊಂಬೆಯ ಕೈಯಿಂದ ಗೂಟಕ್ಕೆ ಒಂದು ದಾರ ಕಟ್ಟಿತು. ಆಳಿಗೆ ಬೇಸರವೆಂದು ಕಂಡರೆ, ಇಲ್ಲವೇ ಕಬ್ಬು ಮುಗಿದರೆ, ಬೊಂಬೆ ದಾರ ಎಳೆಯುತ್ತದೆ. ಬೇರೆ ಯಾರೂ ಗೂಟ ಮುಟ್ಟಕೂಡದು. ಕರಡಿ ಹಾಗೆಂದು ಹಲಗೆ ಬರೆಸಿ ತೂಗುಹಾಕಿತು.

"ಅಜ್ಜಿ, ನಿಮಗೆ ವಯಸ್ಸಾಯಿತು" ಎಂದಿತು ಮೇಕೆಗೆ.

"ನಿನ್ನೆಯೂ ಆಗಿತ್ತಲ್ಲ" ಎಂದು ಮೇಕೆ ಬಾಗಿಲಲ್ಲಿ ಕೊಂಬು ತಗ್ಗಿಸಿ ಹೊರಬಿತ್ತು.

"ಅಜ್ಜಿ ತೃಪ್ತರಾಗಿ ಹೊರಟರು" ಎಂದಿತು ಬೊಂಬೆ.

ನೊಗ ಹೊತ್ತು ನಡೆಯುವ ಕೋಣದ ತಲೆ ಹೆಜ್ಜೆಹೆಜ್ಜೆಗೂ ಆಡುತ್ತದೆ. ಪ್ರತಿ ಸುತ್ತಿಗೂ ಬೊಂಬೆ ಕೇಳುತ್ತಿತ್ತು: "ಹೇಗಿದ್ದೀರಿ? ನಿಮ್ಮ ಮಾತು ನಮಗೆ ಅಮೂಲ್ಯ."

"ಹೆಗಲು ಸುಲಿದಿದೆ ತಾಯಿ, ಬಿಡಿಸು."

ಬೊಂಬೆ ತಲೆ ಆಡುವುದನ್ನಷ್ಟೇ ನೋಡಿತು. "ತೃಪ್ತರಾಗಿದ್ದೀರಿ. ವಂದನೆಗಳು."

ಕೋಣ ಒಂದೆರಡು ಸುತ್ತು ಕತ್ತು ಸೆಟೆಸಿ ನಡೆದು ನೋಡಿತು. ನೊಗ ನೇರ ಗಾಯದ ಮೇಲೆ ಕೂತಿತು. ಮತ್ತೆ ತಲೆಯಾಡಿಸತೊಡಗಿತು.

ಗಿರಾಕಿಗಳ ಪಾಡೂ ಇದೇ. "ಇದು ಬೆಲ್ಲವೋ, ಇದ್ದಿಲೋ?" ಎಂದು ನರಿ ಕೂಗಾಡಿ, ತಲೆ ಬಗ್ಗಿಸಿ ಹೋಯಿತು. "ಗಿರಾಕಿ ತೃಪ್ತರು" ಎಂದಿತು ಬೊಂಬೆ. ದಿನವೂ ಸಂಜೆ ಕರಡಿ ಕೇಳಿ ಹಿಗ್ಗುತ್ತಿತ್ತು. ತಲೆ ಎತ್ತಿಕೊಂಡೇ ಹೋಗುವ ಮೊಲವೊಂದೇ ಅತೃಪ್ತ ಎಂದು ಬೊಂಬೆ ದೂರಿದಾಗ, ಕರಡಿ ಬಾಗಿಲ ಮೇಲಿನ ತೊಲೆಯನ್ನು ಇನ್ನಷ್ಟು ಕೆಳಗೆ ಇಳಿಸಿತು. ಮರುದಿನದಿಂದ ಮೊಲವೂ ತೃಪ್ತ.

ಕೋಣದ ಹೆಗಲು ಹುಣ್ಣಾಯಿತು. ಕುಂಟುತ್ತ ನಡೆಯಿತು. ಕುಂಟಿದರೆ ತಲೆ ಎರಡು ಪಟ್ಟು ಆಡುತ್ತದೆ.

"ಕೋಣದ ತೃಪ್ತಿ ಇಮ್ಮಡಿಯಾಗಿದೆ."

"ಏನೋ ಕೋಣ, ಇಷ್ಟು ಖುಷಿ ಇಟ್ಟುಕೊಂಡು ಮುಖ ಯಾಕೆ ಹಾಗಿದೆ?" ಎಂದಿತು ಕರಡಿ.

"ಧಣಿ, ಒಮ್ಮೆ ಹೆಗಲು ನೋಡಿ."

"ಅದಕ್ಕೇ ಬೊಂಬೆ ತಂದಿರುವುದು" ಎಂದು ಕರಡಿ ಮೆಚ್ಚುಗೆಗಾಗಿ ಹಿತ್ತಾಳೆಯ ಗಂಟೆಸರವೊಂದನ್ನು ಕೋಣದ ಕೊರಳಿಗೆ ಹಾಕಿತು. ಸರ ಸರಿಯಾಗಿ ಹುಣ್ಣಿನ ಮೇಲೆ ಬಿತ್ತು.

ಅರಮನೆಯ ಹಬ್ಬಕ್ಕೆ ಬೆಲ್ಲ ಬೇಕೆಂದು ಅಪ್ಪಣೆ ಬಂದ ದಿನ, ಮೂರು ಗಾಡಿ ಕಬ್ಬು ಬಂದು ಬಿದ್ದಿತ್ತು. ಎರಡು ಸುತ್ತು ತಿರುಗುವಷ್ಟರಲ್ಲಿ ಕೋಣದ ಮುಂಗಾಲು ಮಡಿಚಿತು. ಕೊರಳಿಗೆ ಬಿಗಿದ ಕಣ್ಣಿಹಗ್ಗ ಹರಿದು ನೊಗ ಕಳಚಿತು. ಹಣೆ ನೆಲಕ್ಕೆ ತಾಗಿತು.

"ಇಷ್ಟು ದೊಡ್ಡ ತೃಪ್ತಿಯನ್ನು ಓಲಗದಲ್ಲೂ ಕಂಡಿಲ್ಲ" ಎಂದಿತು ಬೊಂಬೆ.

ಕರಡಿ ಒದೆಯಿತು, ಬೈಯಿತು. ಕೋಣ ಏಳಲಿಲ್ಲ. ಸಂಜೆಯೊಳಗೆ ಬೆಲ್ಲ ಹೋಗದಿದ್ದರೆ ಅರಮನೆಯವರು ಆಲೆಮನೆಯನ್ನು ಉಳಿಸುವುದಿಲ್ಲ. ಕರಡಿ ಹರಿಯದಂಥ ಹೊಸ ಕಣ್ಣಿ ಕಟ್ಟಿ ತಾನೇ ನೊಗಕ್ಕೆ ಕೊರಳು ಕೊಟ್ಟಿತು. ಬೊಂಬೆ ಗೂಟ ಬಿಗಿಯಿತು.

ಹತ್ತು ಸುತ್ತಿಗೆ ಹೆಗಲಿನ ಕೂದಲು ಹೋಯಿತು. ಇಪ್ಪತ್ತಕ್ಕೆ ಚರ್ಮ.

"ಸಾಕು, ಬಿಡಿಸು!"

"ನಿಮ್ಮ ಮಾತು ನಮಗೆ ಅಮೂಲ್ಯ. ತೃಪ್ತರಾಗಿದ್ದೀರಿ."

"ಏ ಮರದ ತುಂಡೇ, ನಾನು ಯಜಮಾನ!"

"ಯಜಮಾನರೂ ತೃಪ್ತರು."

ಬೆಲ್ಲಕ್ಕೆ ಬಂದ ನರಿಯನ್ನು ಕಂಡು ಕರಡಿ ಅಂಗಲಾಚಿತು. "ನರಿಯಣ್ಣಾ, ನಿನ್ನ ದಮ್ಮಯ್ಯ, ಆ ಗೂಟ ಕೀಳು!"

ನರಿ ಹಲಗೆಯತ್ತ ನೋಡಿತು. "ಮುಟ್ಟಕೂಡದು ಅಂತ ತಾವೇ ಬರೆಸಿದ್ದೀರಲ್ಲ ಸ್ವಾಮಿ. ಏನಿದ್ದರೂ ಬೊಂಬೆಗೆ ಹೇಳಿ. ನಾವೂ ಅದಕ್ಕೇ ಹೇಳುತ್ತಿದ್ದೆವು." ತಲೆ ಬಗ್ಗಿಸಿ ಹೊರಟುಹೋಯಿತು.

ಕಬ್ಬು ಇನ್ನೂ ಎರಡೂವರೆ ಗಾಡಿ ಇತ್ತು. ಕರಡಿ ಸುತ್ತುತ್ತ ಸುತ್ತುತ್ತ, ನೆಲದಲ್ಲಿ ಬಿದ್ದಿದ್ದ ಕೋಣದ ಎದುರಿಗೆ ಬಂತು.

"ಇದು ಇಷ್ಟು ನೋಯುತ್ತದೇನೋ?"

ಕೋಣದ ಕೊರಳ ಮೇಲೆ ಈಗ ನೊಗವಿರಲಿಲ್ಲ. ಅದು ಕರಡಿಯ ಹೆಗಲನ್ನು ಸ್ವಲ್ಪ ಹೊತ್ತು ನೋಡಿತು. ಆಮೇಲೆ ನಿಧಾನವಾಗಿ, ತಾನಾಗಿಯೇ, ತಲೆಯಾಡಿಸಿತು.

"ಕೋಣ ತೃಪ್ತ" ಎಂದಿತು ಬೊಂಬೆ.

ಬೊಂಬೆ ಆಲೆಮನೆಗೆ ಬಂದ ಮೇಲೆ ಆಡಿದ ಮೊದಲ ನಿಜ ಅದು.