ಮದುಮಗನ ಚೂರಿಯ ಹಿಡಿಕೆ

ಸವಣೂರಿನ ಖಾದರಸಾಬರ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದವಳು ನಾನೇ, ಮಾದೇವಿ. ಪೆನ್ನಿನಂತೆ ಹಿಡಿದರೆ ಗುರ್ ಎನ್ನುವ ಕರೆಂಟಿನ ಮಷೀನು. ಎರಡು ವರ್ಷ ಕೊಡ, ತಾಟು, ಡಬ್ಬಿಗಳ ಮೇಲೆ ಊರವರ ಹೆಸರನ್ನೆಲ್ಲ ಬರೆದು ಬರೆದು ಸಾಕಾಗಿಹೋಗಿತ್ತು. ಒಂದು ದಿನ ಅಪ್ಪ ಮಾಡಿಟ್ಟಿದ್ದ ಮರದ ಚೂರಿ ಹಿಡಿಕೆಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಡಿಗೆ ಒಯ್ದೆ. ಮಷೀನಿನ ಮೊನೆಯನ್ನು ಮರಕ್ಕೆ ತಾಗಿಸಿದ್ದೇ ತಡ, ಬಳ್ಳಿಯೊಂದು ಸರಸರ ಹರಿದುಹೋಯಿತು. ನನ್ನ ಮೈ ಜುಮ್ಮೆಂದಿತು.

ಅಪ್ಪ ಬಡಿಗ. ನಲವತ್ತು ವರ್ಷದಿಂದ ಚೂರಿ ಕುಡುಗೋಲುಗಳಿಗೆ ಹಿಡಿಕೆ ಮಾಡುವವನು. ಸಣ್ಣ ಉಳಿಯಿಂದ ಹೂಬಳ್ಳಿ ಕೆತ್ತಿ, ಆ ಗೀರುಗಳಲ್ಲಿ ಬಣ್ಣದ ಅರಗು ಕರಗಿಸಿ ತುಂಬುತ್ತಿದ್ದ. ಒಂದಕ್ಕೆ ನಾಲ್ಕು ದಿನ ಬೇಕು. ನನಗೂ ಕಲಿಸು ಎಂದು ಹನ್ನೆರಡನೇ ವಯಸ್ಸಿನಿಂದ ಗಂಟುಬಿದ್ದಿದ್ದೆ. ಪ್ರತಿ ಸಲವೂ ಮಾತು ತೇಲಿಸುತ್ತಿದ್ದ. ನನ್ನ ಮಷೀನಿನ ಬಳ್ಳಿ ನೋಡಿ, ಇದು ಕೆತ್ತಿದ್ದಲ್ಲ, ಗೀಚಿದ್ದು ಎಂದುಬಿಟ್ಟ. ಸಿಟ್ಟು ನೆತ್ತಿಗೇರಿತು. ಒಂದೇ ಒಂದು ಗಿರಾಕಿಯ ಹಿಡಿಕೆ ಕೊಟ್ಟು ನೋಡು ಎಂದು ಹಟ ಹಿಡಿದೆ. ಕಡೆಗೆ ಒಪ್ಪಿದ. ಕೆಲಸ ನೆಟ್ಟಗಾದರೆ ಅಪ್ಪನ ಪಕ್ಕದಲ್ಲಿ ನನಗೆ ಜಾಗ, ಕೆಟ್ಟರೆ ಹಿಡಿಕೆಯ ಮಾತೇ ಎತ್ತಬಾರದು.

ಅದು ಎಂಬತ್ತಮೂರನೇ ಇಸವಿಯ ಬೇಸಿಗೆ. ತಡಸ ಊರಿನ ಅಡಿವೆವ್ವನ ಮಗ ಹೂವಪ್ಪನ ಮದುವೆ. ನಮ್ಮ ಕಡೆ ಅರಿಶಿಣ ಹಚ್ಚಿದಾಗಿನಿಂದ ಅಕ್ಷತೆಯ ಅಕ್ಕಿಕಾಳು ಬೀಳುವವರೆಗೆ ಮದುಮಗ ತುದಿಗೆ ಲಿಂಬೆಹಣ್ಣು ಚುಚ್ಚಿದ ಚೂರಿ ಹಿಡಿದೇ ಇರಬೇಕು; ತಾಳಿ ಕಟ್ಟುವಾಗ ಮಾತ್ರ ಪಕ್ಕದ ಗೆಳೆಯನ ಕೈಗೆ ಕೊಡಬಹುದು. ಎಲ್ಲರೂ ಎರವಲು ಚೂರಿಯಲ್ಲೇ ಮುಗಿಸುತ್ತಾರೆ. ಅಡಿವೆವ್ವನಿಗೆ ಮಾತ್ರ ಮಗನಿಗೆಂದೇ ಮಾಡಿಸಿದ್ದು ಬೇಕು, ಅದರ ಮೇಲೆ ಗಿಣಿಗಳಿರಬೇಕು. ಆ ಹಿಡಿಕೆಯನ್ನೇ ಅಪ್ಪ ನನ್ನ ಕೈಗೆ ಕೊಟ್ಟ.

ಬಳ್ಳಿಯೂ ಜೋಡಿ ಗಿಣಿಗಳೂ ಅರ್ಧ ದಿನದಲ್ಲಿ ಎದ್ದು ಬಂದವು. ಆದರೆ ಮಷೀನಿನ ಗೀರು ಕೂದಲೆಳೆಯಷ್ಟು ಸಣ್ಣದು, ಅಪ್ಪನ ಗಟ್ಟಿ ಅರಗು ಅದರೊಳಗೆ ಇಳಿಯಲೊಲ್ಲದು. ನನ್ನ ತಲೆ ಓಡಿತು. ಜೇನುಮೇಣ ಸೇರಿಸಿ ಕಾಯಿಸಿದೆ. ಕೆಂಪು, ಹಸಿರು, ಹಳದಿ ನೀರಿನಂತೆ ಹರಿದು ಗೀರು ತುಂಬಿದವು. ಒರೆಸಿ ನೋಡಿದಾಗ ಕುಣಿಯಬೇಕೆನಿಸಿತು, ಕುಣಿದೆ ಕೂಡ. ಖಾದರಸಾಬರು ಗಿರಾಕಿಗಳನ್ನು ಬಿಟ್ಟು ಎದ್ದು ಬಂದರು. ಅಡಿವೆವ್ವ ಚೂರಿಯನ್ನು ಕಣ್ಣಿಗೊತ್ತಿಕೊಂಡಳು. ಅಪ್ಪ ಮಾತ್ರ ಮದುವೆ ಮುಗಿಯಲಿ ಎಂದ.

ಮದುವೆಗೆ ಅಪ್ಪನೂ ನಾನೂ ಬಸ್ಸು ಹತ್ತಿ ಹೋದೆವು. ಹಂದರದೊಳಗೆ ಕುದಿಯುವ ಸೆಕೆ. ಚೂರಿ ಯಾರು ಮಾಡಿದ್ದೆಂದು ಹೆಂಗಸರು ಕೇಳಿದಾಗಲೆಲ್ಲ ನಾನು ಬೀಗಿದೆ, ಸುಳ್ಳೇಕೆ ಹೇಳಲಿ. ಮುಹೂರ್ತ ಬಂತು. ಚೂರಿಗಾಗಿ ಗೆಳೆಯ ಕೈ ಚಾಚಿದ. ಹೂವಪ್ಪ ಕೊಡಲಿಲ್ಲ. ಇನ್ನೊಮ್ಮೆ ಚಾಚಿದ. ಹೂವಪ್ಪ ಮುಖ ಕೆಂಪಗೆ ಮಾಡಿಕೊಂಡು ನೆಲ ನೋಡುತ್ತ ನಿಂತ. ಬಾಜಾ ಶುರುವಾಗಿ ನಿಂತಿತು. ಹೆಣ್ಣಿನ ಕಡೆಯವರಲ್ಲಿ ಗುಸುಗುಸು ಎದ್ದಿತು.

"ಯಾಕೋ, ಹುಡುಗಿ ಒಪ್ಪಿಗಿಲ್ಲೇನ?" ಎಂದಳು ಅಡಿವೆವ್ವ ಕಂಗಾಲಾಗಿ.

"ಹುಡುಗಿ ಒಪ್ಪಿಗೆ ಐತಿ ಅವ್ವ. ಚೂರಿ ಕೈಯಾಗ ಅಂಟೇತಿ, ಬಿಡಾಕ ಬರವಲ್ದು."

ಮೇಣ! ಎರಡು ದಿನ ಬೆವರುವ ಕೈಯಲ್ಲಿ ಬಿಗಿಹಿಡಿದರೆ ಅದು ಕರಗದೆ ಇನ್ನೇನು? ನಾನು ಹಿಡಿಕೆಯನ್ನು ನೋಡಿದ್ದೆ, ಅದನ್ನು ಹಿಡಿಯುವ ಕೈಯನ್ನು ನೆನೆದಿರಲೇ ಇಲ್ಲ. ಗೆಳೆಯ ಅಷ್ಟರಲ್ಲಿ ಚೂರಿ ಜಗ್ಗಲು ಹೊರಟಿದ್ದ. ಜಗ್ಗಬೇಡಿ ಎಂದು ಕೂಗುತ್ತ ಜನರನ್ನು ತಳ್ಳಿಕೊಂಡು ಓಡಿದೆ. ಮದುಮಗನ ಕೈಯನ್ನು ಚೂರಿಯ ಸಮೇತ ಕುಡಿಯುವ ನೀರಿನ ಹರವಿಯಲ್ಲಿ ಮುಳುಗಿಸಿ ಗಟ್ಟಿಯಾಗಿ ಹಿಡಿದೆ. ಮುಹೂರ್ತ ಮೀರುತ್ತದೆಂದು ಯಾರೋ ಗದರಿದರು. ಇನ್ನೊಂದು ಚೂರು ತಡೀರಿ ಎಂದು ನಾನೂ ಗದರಿದೆ. ಮೇಣ ತಣ್ಣಗಾಗಿ ಗಟ್ಟಿಯಾಯಿತು. ಪಟ್ಟನೆ ಹಿಡಿಕೆ ಬಿಟ್ಟಿತು.

ತಾಳಿ ಬಿತ್ತು, ಅಕ್ಕಿಕಾಳು ಬಿದ್ದವು, ಬಾಜಾ ಮೊಳಗಿತು, ಹಂದರವೆಲ್ಲ ನಗೆ. ಹಿಡಿಕೆಯ ಬಣ್ಣ ಅರ್ಧ ಹೂವಪ್ಪನ ಅಂಗೈ ಸೇರಿತ್ತು. ಮದರಂಗಿ ನೋಡಿದಂತೆ ಜನ ಮುಗಿಬಿದ್ದು ನೋಡಿದರು. ಅಪ್ಪನೂ ಹೋಗಿ ಅವನ ಕೈಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದ. ನನಗೋ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸಿತು. ಬಸ್ಸು ಶಿಗ್ಗಾಂವಿ ದಾಟಿ ಸವಣೂರು ಮುಟ್ಟುವವರೆಗೂ ನಾನು ಅಪ್ಪನ ಮುಖ ನೋಡಲಿಲ್ಲ. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಟವಳನ್ನು ಅಪ್ಪ ಕರೆದ. ಅವನ ಮುಂದೆ ಹೊಸ ಹಿಡಿಕೆಯೊಂದು ಇತ್ತು.

"ಮೇಣ ಹಾಕಿದ್ದಿ, ಹೌದಿಲ್ಲೋ?"

"ಗೀರು ಸಣ್ಣವು ಅಪ್ಪ, ಅರಗು ಇಳೀವಲ್ದಾಗಿತ್ತು."

"ಆಳ ಹ್ಯಾಂಗ ತಗೀಬೇಕಂತ ನಾ ತೋರಸ್ತೇನಿ," ಎಂದು ಹಿಡಿಕೆಯನ್ನು ನನ್ನ ಕಡೆ ಸರಿಸಿದ. "ಆ ಹುಡುಗನ ಅಂಗೈ ನೋಡಿದೆ. ಗಿಣಿ ಕಣ್ಣಿನ ಸುತ್ತಲಿನ ಗೆರಿ ಸೈತ ಮೂಡಿತ್ತು. ನಲವತ್ತು ವರ್ಷದಾಗ ನನ್ನ ಉಳಿಗೆ ಅದು ಆಗಿಲ್ಲ."

ನಿನ್ನೆಯಿಂದ ತಡೆದಿಟ್ಟ ಅಳು ಒಮ್ಮೆಲೇ ಉಕ್ಕಿ ಬಂತು. ಅಪ್ಪನೆದುರು ಅಳುವ ಜಾತಿಯವಳಲ್ಲ ನಾನು.

"ಹಂಗಾರ ಸ್ವಲ್ಪ ಸರದು ಕುಂದರು," ಎಂದೆ. "ಇಬ್ಬರಿಗೆ ಜಾಗಾ ಸಾಲೂದಿಲ್ಲ."

ಅಪ್ಪ ಸರಿದು ಕುಳಿತ.